ನೀಲಿ ಸಾಲಿನ ಕಲ್ಲುಗಳು

ಮಾರ್ಚ್ 3, ಮಂಗಳವಾರ

ಸಂಗ್ರಹಾಲಯದ ಮೇಡಂ ಫೋನ್ ಮಾಡಿದ್ದರು. ಮುಂದಿನ ತಿಂಗಳ ಮಧ್ಯದಲ್ಲಿ ಮನೆಗೇ ಬಂದು ಕಲ್ಲುಗಳನ್ನು ನೋಡುತ್ತಾರಂತೆ. ಅವರಲ್ಲಿ ಹೊಸದಾಗಿ ಒಂದು ಕತ್ತಲೆ ಕೋಣೆ ಕಟ್ಟಿಸಿದ್ದಾರೆ, ಅದರ ಒಂದು ಇಡೀ ಗೋಡೆಯನ್ನು ನನ್ನ ಸಂಗ್ರಹಕ್ಕೆ ಕೊಡುವ ಯೋಚನೆ. "ಕೆಂಪು ಹಸಿರು ಎಲ್ಲರ ಹತ್ರಾನೂ ಇರುತ್ತೆ. ನಾನು ಬರ್ತಿರೋದೇ ನಿಮ್ಮ ನೀಲಿ ಸಾಲು ನೋಡೋಕೆ" ಎಂದರು. ಫೋನ್ ಇಟ್ಟ ಮೇಲೆ ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಸಂತೋಷವಾಗಿತ್ತು. ಆಮೇಲೆ ಯಾಕಾದರೂ ಒಪ್ಪಿಕೊಂಡೆನೋ ಅನಿಸಿತು.

ಯಾಕೆಂದರೆ ನೀಲಿ ಸಾಲಿಗೆ ಏನೋ ಆಗಿದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ, ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಹಗಲಲ್ಲಿ ನನ್ನ ಕಲ್ಲುಗಳಿಗೂ ರಸ್ತೆಗೆ ಸುರಿಯುವ ಜಲ್ಲಿಗೂ ವ್ಯತ್ಯಾಸವಿಲ್ಲ. ಮನೆಗೆ ಬಂದವರು "ಇದಕ್ಕಾ ಇಷ್ಟು ದೊಡ್ಡ ಬೀರು?" ಎಂಬಂತೆ ಮುಖ ಮಾಡುತ್ತಾರೆ. ಬಾಗಿಲು ಹಾಕಿ, ಕತ್ತಲೆ ಮಾಡಿ, ಅತಿನೇರಳೆ ದೀಪ ಹಿಡಿದಾಗ ಮಾತು ನಿಲ್ಲಿಸುತ್ತಾರೆ. ಮರಳುಗಾಡಿನ ಕ್ಯಾಲ್ಸೈಟ್ ಕೆಂಡದ ಹಾಗೆ ಕೆಂಪಾಗುತ್ತದೆ. ಒಣಹಳ್ಳದಲ್ಲಿ ಸಿಕ್ಕ ಪುಟ್ಟ ಪುಟ್ಟ ಬೆಣಚುಗಳು ಹಸಿರಾಗುತ್ತವೆ. ಬೆಟ್ಟದ ಷೀಲೈಟ್ ನೀಲಿಯಾಗುತ್ತದೆ. ಆ ನೀಲಿಯನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಇವರು ಬೆಟ್ಟದ ಗಣಿಗೆ ಲಾರಿ ಓಡಿಸುತ್ತಿದ್ದರು. ಒಂದು ಸಲ ಜೊತೆಗೆ ಹೋಗಿದ್ದೆ, ದಾರಿಯಲ್ಲಿ ಟೈರು ಪಂಚರ್ ಆಯಿತು, ಇವರು ಚಕ್ರ ಬಿಚ್ಚುತ್ತಿರುವಾಗ ನಾನು ಬೇಜಾರಿಗೆ ಒಂದು ಕಲ್ಲು ಎತ್ತಿಕೊಂಡೆ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಪ್ರಯೋಗಾಲಯದ ಅತಿನೇರಳೆ ದೀಪದ ಕೆಳಗೆ ಸುಮ್ಮನೆ ಇಟ್ಟು ನೋಡಿದಾಗ ಅದು ನೀಲಿ ಬಿಟ್ಟಿತು. ಅದೇ ನನ್ನ ಮೊದಲನೆಯದು. ಅಲ್ಲಿಂದ ಇಲ್ಲಿಯವರೆಗೆ ರಜೆಯೆಲ್ಲ ಮರಳುಗಾಡು, ಬೆಟ್ಟ, ಲಾರಿ.

ಈಗ ಆ ಮೊದಲನೆಯದನ್ನು ದೀಪಕ್ಕೆ ಹಿಡಿದರೆ ಬೂದಿ ಮುಚ್ಚಿದ ಹಾಗಿದೆ. ಸಾಲಿನ ಉಳಿದವೂ ಹಾಗೆಯೇ. ಕೆಂಪು ಚೆನ್ನಾಗಿದೆ, ಹಸಿರು ಪರವಾಗಿಲ್ಲ, ನೀಲಿ ಮಾತ್ರ ಸಾಯುತ್ತಿದೆ. ದೀಪದ ಮುಂದಿನ ಫಿಲ್ಟರ್ ಗಾಜು ಹಳೆಯದಾಗಿರಬೇಕು. ದೀಪ ಉರಿದೂ ಉರಿದೂ ಆ ಗಾಜು ಮಂಕಾಗುತ್ತದೆ, ಇದು ಕಲ್ಲು ಹುಚ್ಚಿನವರಿಗೆಲ್ಲ ಗೊತ್ತಿರುವ ವಿಷಯ. ನಾಳೆಯೇ ಅಂಗಡಿಗೆ ಹೋಗಬೇಕು.

ಮಾರ್ಚ್ 8, ಭಾನುವಾರ

ಹೊಸ ಗಾಜು ಹಾಕಿಸಿದೆ. ಅಂಗಡಿಯವನು ಹಳೆಯದನ್ನು ಬೆಳಕಿಗೆ ಹಿಡಿದು, "ಇದಕ್ಕೇನಾಗಿದೆ ಅಮ್ಮಾ, ಇನ್ನೂ ಎರಡು ವರ್ಷ ಬರುತ್ತೆ" ಎಂದ. ಮಾರುವವನೇ ಬೇಡ ಎಂದರೆ ಅನುಮಾನ ಪಡಬೇಕು. ಹಟ ಮಾಡಿ ಹಾಕಿಸಿಕೊಂಡು ಬಂದೆ.

ನೀಲಿ ಹಾಗೇ ಇದೆ. ಹಳೇ ಸ್ಟಾಕು ಕೊಟ್ಟು ಕಣ್ಣಿಗೆ ಮಣ್ಣೆರಚಿದ್ದಾನೆ.

ಮಾರ್ಚ್ 9

ಕಣ್ಣಿಗೆ ರಕ್ಷಣೆಗೆಂದು ಹಾಕುವ ಕನ್ನಡಕವನ್ನೂ ಬದಲಾಯಿಸಿದೆ, ಹಳೆಯದರಲ್ಲಿ ಗೀರು ಬಿದ್ದಿತ್ತು. ಏನೂ ಪ್ರಯೋಜನವಾಗಲಿಲ್ಲ.

ಮಾರ್ಚ್ 14, ಶನಿವಾರ

ತಲೆ ಚಿಟ್ಟು ಹಿಡಿದಿದೆ. ಮನೆಯಲ್ಲಿ ಒಂದೂ ನೆಟ್ಟಗಿಲ್ಲ. ಹಾಸಿಗೆ ಮೇಲೆ ಹಾಸುವ ಬಿಳಿ ಬಟ್ಟೆಯೆಲ್ಲ ಹಳದಿ ತಿರುಗಿದೆ. ಸೋಪಿನ ಪುಡಿಯ ಕಂಪನಿಯವರು ಕಲಬೆರಕೆ ಮಾಡುತ್ತಿದ್ದಾರೆ. ಅಡುಗೆಮನೆಗೆ ಹಾಕಿದ ಹೊಸ ಬಲ್ಬು ಮಂಕು. ಸಂಜೆ ರಸ್ತೆ ದಾಟುವಾಗ ಎದುರಿಗೆ ಬರುವ ಗಾಡಿಗಳ ದೀಪ ಮುಖಕ್ಕೇ ಚೆಲ್ಲುತ್ತದೆ, ಈಗಿನವರಿಗೆ ದೀಪ ತಗ್ಗಿಸುವ ಮರ್ಯಾದೆಯೂ ಇಲ್ಲ.

ಜೊತೆಗೆ ನಾದಿನಿ. ಗಂಡನಿಂದ ಬೇರೆಯಾಗಿ ಜನವರಿಯಲ್ಲಿ ಹೊಲಿಗೆ ಮೆಷಿನ್ ಸಮೇತ ಬಂದಳು. ಬರಬಾರದು ಎಂದಲ್ಲ. ಇವರ ಒಬ್ಬಳೇ ತಂಗಿ, ಅವಳಿಗೆ ಬೇರೆ ಯಾರಿದ್ದಾರೆ? ಒಳ್ಳೆಯ ದರ್ಜಿ, ಕೈಯಲ್ಲಿ ಕೆಲಸ ತುಂಬಿದೆ, ಯಾರಿಗೂ ಭಾರವಾಗಿಲ್ಲ. ಆದರೆ ಮನೆಯಲ್ಲಿ ಬಿಡುವಾಗಿರುವುದು ಒಂದೇ ಕೋಣೆ, ಅದು ಕಲ್ಲಿನ ಕೋಣೆ. ನನಗೆ ಕತ್ತಲೆ ಬೇಕು, ಅವಳಿಗೆ ಬೆಳಕು ಬೇಕು. ಅವಳು ಬಂದ ಮೊದಲ ದಿನವೇ ಕಿಟಕಿಯ ಪರದೆ ಸರಿಸಿ, "ಅಬ್ಬಾ, ಎಷ್ಟು ಚೆನ್ನಾಗಿ ಬಿಸಿಲು ಬರುತ್ತೆ ಅತ್ತಿಗೆ" ಎಂದಳು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಇವತ್ತು ಗುಂಡಿ ಹಾಕಿಕೊಡಲು ಹೇಳಿದ್ದೆ. "ಅತ್ತಿಗೆ, ಈ ನೀಲಿ ಅಂಗಿಗೆ ಕಪ್ಪು ದಾರ ಕೊಟ್ಟಿದ್ದೀರಲ್ಲ" ಎಂದಳು. ಕಪ್ಪು ಅಂಗಿಗೆ ಕಪ್ಪು ದಾರವನ್ನೇ ಕೊಟ್ಟಿದ್ದೆ. "ಅದು ಕಪ್ಪು ಅಂಗಿ ಕಣೇ" ಎಂದೆ. ಅವಳು ಅಂಗಿಯನ್ನೂ ನನ್ನನ್ನೂ ನೋಡಿ, ಬೇರೆ ದಾರದ ಉಂಡೆ ತೆಗೆದುಕೊಂಡಳು. ಹೆಗಲ ಮೇಲೆ ಅತ್ತೆಯ ರೇಷ್ಮೆ ಶಾಲು ಹೊದ್ದಿದ್ದಳು. ಅತ್ತೆ ಇದ್ದಾಗ ಎಂಥ ನೀಲಿ ಅದು! ತೊಳೆದೂ ತೊಳೆದೂ ಬಣ್ಣ ಕಳೆದಿದ್ದಾಳೆ. ತಾಯಿಯ ವಸ್ತುವನ್ನೇ ಹೀಗೆ ಬಳಸುವವಳು ನನ್ನ ಕಲ್ಲುಗಳನ್ನು ಹೇಗೆ ನೋಡಿಕೊಂಡಾಳು?

ಮಾರ್ಚ್ 19, ಗುರುವಾರ

ಕಾರಣ ಸಿಕ್ಕಿತು. ಸಿಕ್ಕಿದ್ದಕ್ಕೆ ಸಮಾಧಾನವೇನೂ ಆಗಲಿಲ್ಲ.

ನನ್ನಲ್ಲಿ ಒಂದು ಗುಲಾಬಿ ಕಲ್ಲಿದೆ. ಬೆಳಕಿಗಿಟ್ಟರೆ ಅದರ ಗುಲಾಬಿ ಬಣ್ಣ ಕರಗಿ ಹೋಗುತ್ತದೆ, ಅತಿನೇರಳೆ ದೀಪ ತೋರಿಸಿದರೆ ಮತ್ತೆ ಬರುತ್ತದೆ. ಇವತ್ತು ಅದು ಮೇಜಿನ ಮೇಲೆ ಬಿಳಿಚಿಕೊಂಡದ್ದು ನೋಡಿದೆ. ಒಂದು ಕಲ್ಲಿನ ಬಣ್ಣವನ್ನು ಬೆಳಕು ತಿನ್ನುವುದಾದರೆ ಇನ್ನೊಂದು ಕಲ್ಲಿನ ಹೊಳಪನ್ನು ಯಾಕೆ ತಿನ್ನಬಾರದು? ಜನವರಿಯಿಂದ ಆ ಕೋಣೆಗೆ ದಿನವಿಡೀ ಬಿಸಿಲು ಬೀಳುತ್ತಿದೆ. ಬೀರುವಿನ ಬಾಗಿಲು ಗಾಜಿನದು. ಷೀಲೈಟ್ ಹಾಗೆ ಸಾಯುತ್ತದೆ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ, ನಿಜ. ಪುಸ್ತಕ ಬರೆದವರ ಮನೆಯಲ್ಲಿ ನಾದಿನಿ ಇರಲಿಲ್ಲವೇನೋ.

ಇವರನ್ನು ಕರೆದು ದೀಪ ಹಿಡಿದು ತೋರಿಸಿದೆ. "ನೀಲಿಯಾಗೇ ಇದೆಯಲ್ಲೇ" ಎಂದರು. ಅಡುಗೆಗೆ ಉಪ್ಪು ಹಾಕದಿದ್ದರೂ ಚೆನ್ನಾಗಿದೆ ಎಂದು ಉಣ್ಣುವ ಮನುಷ್ಯ. ನಾದಿನಿಯೂ ಬಾಗಿಲಲ್ಲಿ ಇಣುಕಿ, "ಹೌದು ಅತ್ತಿಗೆ, ನಂಗೂ ನೀಲಿನೇ ಕಾಣ್ತಿದೆ, ಎಷ್ಟು ಚೆಂದ ಇದೆ" ಎಂದಳು. ಅಣ್ಣ ತಂಗಿ ಒಂದಾಗಿ ನನ್ನನ್ನು ಮಗುವಿನ ಹಾಗೆ ರಮಿಸುತ್ತಿದ್ದಾರೆ. ತಪ್ಪು ಹೊರಗೆ ಬರದಿರಲಿ ಎಂದು ಅವಳು, ತಂಗಿ ನೊಂದುಕೊಳ್ಳದಿರಲಿ ಎಂದು ಇವರು.

ಬಡಗಿಯನ್ನು ಕರೆಸಿ ಕಿಟಕಿಗೆ ಹಲಗೆ ಹೊಡೆಸಿದೆ. ನಾದಿನಿ ಮಧ್ಯಾಹ್ನದಿಂದ ಬಲ್ಬಿನ ಬೆಳಕಿನಲ್ಲಿ ಹೊಲಿಯುತ್ತಿದ್ದಾಳೆ, ಮಧ್ಯೆ ಮಧ್ಯೆ ಕಣ್ಣು ಒತ್ತಿಕೊಳ್ಳುತ್ತಾಳೆ. ಪಾಪ ಅನಿಸುತ್ತದೆ. ಅನಿಸಿ ಏನು ಮಾಡಲಿ, ಕಲ್ಲುಗಳಿಗೆ ಬಾಯಿಲ್ಲ.

ಮಾರ್ಚ್ 25

ಹಲಗೆ ಹೊಡೆದು ಒಂದು ವಾರವಾಗುತ್ತಾ ಬಂತು. ಚೇತರಿಕೆ ಇಲ್ಲ. ಮೊದಲನೆಯದನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಮೇಡಂ ಬಂದು ದೀಪ ಹಾಕಿದಾಗ ಅವರ ಮುಖ ಹೇಗಾಗುತ್ತದೆ ಎಂದು ಯೋಚಿಸಿ ಯೋಚಿಸಿ ಊಟ ಸೇರುತ್ತಿಲ್ಲ.

ಮಾರ್ಚ್ 29, ಭಾನುವಾರ

ಬೆಟ್ಟಕ್ಕೆ ಹೋಗಿ ಬಂದೆವು. ಹೊಸ ನೀಲಿ ತಂದು ಸಾಲು ತುಂಬಿಸಿಬಿಡೋಣ ಎಂಬ ಉಪಾಯ ನನ್ನದೇ. ಇವರು ಸಣ್ಣ ಲಾರಿ ತೆಗೆದರು. ನಾದಿನಿ ತಾನೂ ಬರುತ್ತೇನೆಂದಳು, ಬೇಡ ಎನ್ನಲು ನೆಪ ಸಿಗಲಿಲ್ಲ.

ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಕೆಳಗಿನ ಇಳಿಜಾರಿನಲ್ಲಿ ಅದು ಉಗುಳಿದ ಕಲ್ಲಿನ ರಾಶಿಗಳು ಹಾಗೇ ಇವೆ. ನಾವು ಹುಡುಕುವ ರೀತಿ ನೋಡಿದರೆ ಯಾರಾದರೂ ನಗಬೇಕು. ಸುಡುಬಿಸಿಲಲ್ಲಿ ಲಾರಿಯ ಕಪ್ಪು ಟಾರ್ಪಾಲಿನ್ ಹೊದ್ದುಕೊಂಡು, ಅದರೊಳಗೆ ಮಂಡಿಯೂರಿ, ದೀಪ ಹಿಡಿದು ತೆವಳುವುದು. ಹೊರಗೆ ಒಬ್ಬರು ಅಂಚು ಹಿಡಿದು, ಬೆಳಕು ನುಗ್ಗದ ಹಾಗೆ ನೋಡಿಕೊಳ್ಳುತ್ತಾ ಹಿಂದೆ ಹಿಂದೆ ಬರಬೇಕು. ಅದು ಇವರ ಕೆಲಸ. "ಇಷ್ಟು ವರ್ಷ ಲಾರಿಗೆ ಟಾರ್ಪಾಲು ಕಟ್ಟಿದೆ, ಈಗ ಹೆಂಡತಿಗೆ ಕಟ್ಟೋದೊಂದು ಬಾಕಿ ಇತ್ತು" ಎಂದು ಹೊರಗಿನಿಂದ ಗೊಣಗುತ್ತಿದ್ದರು. ಒಳಗೆ ನಾನು, ನಾದಿನಿ, ಬೆವರು.

ಕೆಂಪು ಸಿಕ್ಕಿತು. ಹಳದಿ ಸಿಕ್ಕಿತು. ನೀಲಿ ಇಲ್ಲ. ಒಂದು ಕಾಲಕ್ಕೆ ಇದೇ ಇಳಿಜಾರಿನಲ್ಲಿ ಆಯ್ದು ಬುಟ್ಟಿ ತುಂಬಿಸಿದ್ದೇನೆ. ನಾದಿನಿ ಮಾತ್ರ, "ಇಲ್ಲಿ ನೋಡಿ ಅತ್ತಿಗೆ, ಇಲ್ಲೊಂದು, ಇಲ್ಲೊಂದು" ಎಂದು ಕೈಗೆ ಕೊಡುತ್ತಲೇ ಇದ್ದಳು. ನೋಡಿದರೆ ಮಣ್ಣುಬಣ್ಣ. "ನಿಂಗೆ ಇನ್ನೂ ಗೊತ್ತಾಗಲ್ಲ ಬಿಡು, ಇವೆಲ್ಲ ಖಾಲಿ ಕಲ್ಲು" ಎಂದು ಪಕ್ಕಕ್ಕೆ ಎಸೆದೆ. ಅವಳು ಎಸೆದದ್ದನ್ನು ಹಿಂದಿನಿಂದ ಆರಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಹೊಸಬರಿಗೆ ಎಲ್ಲವೂ ರತ್ನ.

ಆಮೇಲೆ ಒಂದು ಚಪ್ಪಟೆ ಕಲ್ಲಿನ ಅಡಿಗೆ ಕೈ ಹಾಕಿದೆ. ನಾದಿನಿ "ಅತ್ತಿಗೇ!" ಎಂದು ಕಿರುಚಿ ನನ್ನ ಮುಂಗೈ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಬಿದ್ದೆವು, ಟಾರ್ಪಾಲು ಹಾರಿತು. ಕಲ್ಲಿನ ಅಡಿಯಲ್ಲಿ ಚೇಳಿತ್ತು, ಇವರು ಅದನ್ನು ಕೋಲಿನಿಂದ ಸರಿಸಿದರು. ನನ್ನ ಬೆರಳಷ್ಟು ಉದ್ದವಿತ್ತು.

ಚೇಳು ಈ ದೀಪಕ್ಕೆ ಹಸಿರುನೀಲಿಯಾಗಿ ಹೊಳೆಯುತ್ತದೆ. ಕಲ್ಲು ಹುಡುಕುವವರು ಮೊದಲ ದಿನ ಕಲಿಯುವ ಪಾಠವೇ ಅದು, ಕಲ್ಲು ನೋಡುವ ಮೊದಲು ಚೇಳು ನೋಡು ಎನ್ನುವುದು. ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ.

"ಅಷ್ಟು ಜಗ್ ಅಂತ ಹೊಳೀತಿತ್ತು, ನಿಮಗೆ ಕಾಣ್ಲಿಲ್ವಾ ಅತ್ತಿಗೆ?"

"ನಾನು ಬೇರೆ ಕಡೆ ನೋಡ್ತಿದ್ದೆ" ಎಂದೆ.

ನೋಡುತ್ತಿದ್ದದ್ದು ಅಲ್ಲಿಯೇ. ಒಣಗಿದ ಬೇರು ಎಂದುಕೊಂಡಿದ್ದೆ. ಬಿಸಿಲಿನ ಝಳಕ್ಕೆ ತಲೆ ಸುತ್ತಿತ್ತು, ಅಷ್ಟೇ. ವಾಪಸ್ ಬರುವಾಗ ಲಾರಿಯಲ್ಲಿ ನಾದಿನಿ ಆ ಶಾಲನ್ನು ನನ್ನ ಹೆಗಲಿಗೆ ಹೊದಿಸಿದಳು. ನಡುಗುತ್ತಿದ್ದೆನಂತೆ.

ಮಾರ್ಚ್ 30

ಬೆಟ್ಟದ ನೀಲಿಯೂ ಮುಗಿದಿದೆ. ಆ ರಾಶಿಗಳೂ ವರ್ಷಗಟ್ಟಲೆ ಬಿಸಿಲಲ್ಲೇ ಬಿದ್ದಿವೆಯಲ್ಲ. ನನ್ನ ಲೆಕ್ಕ ಸರಿಯಾಗಿಯೇ ಇದೆ.

ಏಪ್ರಿಲ್ 4, ಶನಿವಾರ

ಯಾರೋ ದೀಪ ಮುಟ್ಟುತ್ತಿದ್ದಾರೆ. ನಾನು ಇಡುವಾಗ ವೈರನ್ನು ಸುತ್ತಿ ಇಡುತ್ತೇನೆ. ಎರಡು ಸಲ ಬಿಚ್ಚಿಕೊಂಡಿತ್ತು. ಬೀರುವಿನಲ್ಲಿ ಕಲ್ಲುಗಳ ಜಾಗವೂ ಅದಲುಬದಲಾಗಿದೆ.

ಏಪ್ರಿಲ್ 5, ಭಾನುವಾರ

ಆಗಬಾರದ್ದು ಆಗಿಹೋಯಿತು.

ಅಂಗಡಿಯಿಂದ ಬೇಗ ಬಂದೆ. ಕಲ್ಲಿನ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದೆ. ಒಳಗೆ ಏನೋ ಸರಸರ ಸರಿಸಿದ ಸದ್ದು. ತೆರೆದಾಗ ನಾದಿನಿಯ ಕೈಯಲ್ಲಿ ದೀಪ, ಮೇಜಿನ ಮೇಲೆ ನನ್ನ ನೀಲಿ ಸಾಲು ಪೂರ್ತಿ ಹರಡಿದೆ, ನೆಲದ ತುಂಬ ಬಟ್ಟೆಯ ಚೂರು.

"ಏನ್ ಮಾಡ್ತಿದ್ದೀಯಾ?"

"ಏನಿಲ್ಲ ಅತ್ತಿಗೆ, ಸುಮ್ನೆ ನೋಡ್ತಿದ್ದೆ."

"ಸುಮ್ನೆ ನೋಡೋಕೆ ಬಾಗಿಲು ಹಾಕ್ಕೋಬೇಕಾ?"

"ಕತ್ತಲೆ ಬೇಕಲ್ಲ ಅತ್ತಿಗೆ, ಅದಕ್ಕೆ" ಎಂದಳು. ಮುಖದಲ್ಲಿ ಕಳ್ಳತನ ಎದ್ದು ಕಾಣುತ್ತಿತ್ತು.

ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ನಾನಿಲ್ಲದಾಗ ಹಲಗೆ ತೆಗೆದು ಬಿಸಿಲು ಬಿಡುತ್ತೀಯಾ ಎಂದೆ. ಬಂದ ದಿನದಿಂದ ಒಂದೊಂದಾಗಿ ಕಲ್ಲು ಸಾಯಿಸಿದೆ ಎಂದೆ. ನಿನ್ನ ಮನೆಯಂತೂ ಹಾಳಾಯಿತು, ನನ್ನದನ್ನೂ ಯಾಕೆ ಹಾಳು ಮಾಡುತ್ತೀಯಾ ಎಂದೂ ಅಂದುಬಿಟ್ಟೆ. ಆ ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಅಳಲಿಲ್ಲ. "ನಾನು ಹಲಗೆ ತೆಗೆದಿಲ್ಲ ಅತ್ತಿಗೆ. ಕಲ್ಲಿಗೇನೂ ಆಗಿಲ್ಲ. ನೀಲಿಯಾಗೇ ಇದೆ" ಎಂದಳು. ಇನ್ನೂ ಅದನ್ನೇ ಹೇಳುತ್ತಾಳೆ! ಆಮೇಲೆ ಮೇಜಿನ ಮೇಲಿದ್ದ ಕಲ್ಲುಗಳನ್ನು ಬೀರುವಿಗೆ ಎತ್ತಿಟ್ಟು, ಮೆಷಿನ್‌ಗೆ ಬಟ್ಟೆ ಮುಚ್ಚಿ, ಹಗ್ಗ ಕಟ್ಟಿದಳು. ಇವರು ಬೇಡ ಬೇಡ ಎನ್ನುತ್ತಲೇ ಇದ್ದರು. ಮಾರ್ಕೆಟ್ ಹಿಂದೆ ಅವಳ ಗೆಳತಿಯ ಬಟ್ಟೆ ಅಂಗಡಿಯಿದೆ, ಅದರ ಹಿಂದಿನ ಕೋಣೆಯಲ್ಲಿ ಇರುತ್ತಾಳಂತೆ. ಆ ಕೋಣೆಗೆ ಕಿಟಕಿಯೇ ಇಲ್ಲ, ನನಗೆ ಗೊತ್ತು.

ಇವರು ತಂಗಿಯನ್ನು ಬಿಟ್ಟು ಬಂದು ಊಟ ಮಾಡದೆ ಮಲಗಿದ್ದಾರೆ.

ಏಪ್ರಿಲ್ 6, ಸೋಮವಾರ

ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬಿ ಸಿಕ್ಕಿತು. ನಾದಿನಿ ಮುಚ್ಚಿಟ್ಟದ್ದು. ಒಳಗೆ ಪುಟ್ಟ ಪುಟ್ಟ ಬಟ್ಟೆಯ ಚೀಲಗಳು, ಬಾಯಿಗೆ ದಾರ, ಒಳಮೈಗೆ ಮೆತ್ತನೆಯ ಹತ್ತಿ. ಪ್ರತಿಯೊಂದರಲ್ಲೂ ನನ್ನ ಒಂದೊಂದು ಕಲ್ಲು. ಸಂಗ್ರಹಾಲಯಕ್ಕೆ ಸಾಗಿಸುವಾಗ ಒಂದಕ್ಕೊಂದು ತಾಗಿ ಒಡೆಯದಿರಲಿ ಎಂದು ಮಾಡಿರಬೇಕು.

ಮೊದಲು ಅವನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟೆ. ಕೆಂಪು ಕಲ್ಲಿಗೆ ಕೆಂಪು ಚೀಲ, ಹಸಿರಿಗೆ ಹಸಿರು, ಹಳದಿಗೆ ಹಳದಿ. ದೀಪದಲ್ಲಿ ಯಾವ ಬಣ್ಣ ಬಿಡುತ್ತದೋ ಅದೇ ಬಣ್ಣದ ಬಟ್ಟೆ.

ಆಮೇಲೆ ನೀಲಿ ಸಾಲಿನ ಚೀಲಗಳನ್ನು ತೆಗೆದೆ. ಒಂದು ಬೂದಿ, ಒಂದು ಕೆಸರು, ಒಂದು ಹೆಚ್ಚುಕಡಿಮೆ ಕಪ್ಪು, ಮತ್ತೊಂದು ಬೂದಿ. ಕೊನೆಯವರೆಗೂ ಹೀಗೆಯೇ. ಮೊದಲನೆಯದಕ್ಕಂತೂ ಯಾವುದೋ ಮಾಸಲು ಚಿಂದಿ. ಬಾಯಲ್ಲಿ ನೀಲಿ ನೀಲಿ ಎನ್ನುತ್ತಾ, ಕೈಯಲ್ಲಿ ಇದು! ಸತ್ತ ಕಲ್ಲುಗಳಿಗೆ ಬೂದಿ ಬಟ್ಟೆ ಹೊದಿಸಿ ಅಣಕಿಸಿದ್ದಾಳೆ. ನಿನ್ನೆಯ ನನ್ನ ಮಾತಿಗೆ ಪಶ್ಚಾತ್ತಾಪ ಪಡುತ್ತಿದ್ದೆ, ಅದೂ ಹೋಯಿತು.

ಡಬ್ಬಿಯನ್ನು ಇವರ ಮುಂದೆ ತಂದಿಟ್ಟೆ. "ನೋಡಿ ನಿಮ್ಮ ತಂಗಿ ಕೆಲಸ!" ಇವರು ಮೊದಲನೆಯದರ ಚೀಲವನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಸವರಿ, ಬಹಳ ಹೊತ್ತು ನೋಡಿದರು.

"ಇದು ಯಾವ ಬಣ್ಣ ಹೇಳು" ಎಂದರು.

"ಕಾಣಲ್ವಾ? ಬೂದಿ."

"ಇದು?"

"ಕೆಸರು. ಏನ್ರೀ ನೀವು, ಗಾಯಕ್ಕೆ ಉಪ್ಪು ಹಚ್ತೀರಾ?"

ಇವರು ಚೀಲಗಳನ್ನು ಒಂದೊಂದಾಗಿ ಮತ್ತೆ ಡಬ್ಬಿಗೆ ತುಂಬಿ ಬೀರುವಿಗೆ ಇಟ್ಟು ಬಂದರು. ಆಮೇಲೆ, ಎಂದೂ ಇಲ್ಲದವರು, ನನ್ನ ತಲೆ ಮೇಲೆ ಒಂದು ಸಲ ಕೈಯಿಟ್ಟು ಹೊರಗೆ ಹೋದರು.

ಏಪ್ರಿಲ್ 8, ಬುಧವಾರ

ಇವರ ಡ್ರೈವಿಂಗ್ ಲೈಸೆನ್ಸ್‌ಗೆ ಕಣ್ಣು ಪರೀಕ್ಷೆ ಮಾಡಿಸಬೇಕಂತೆ, ಒಬ್ಬರೇ ಹೋಗಲು ಬೇಜಾರಂತೆ. ಮರಳುಗಾಡನ್ನು ಒಂಟಿಯಾಗಿ ದಾಟಿದ ಮನುಷ್ಯ! ಹೋದೆ. ಅಲ್ಲಿ ಹೋದ ಮೇಲೆ "ಬಂದಿದ್ದೀಯಲ್ಲ, ನೀನೂ ತೋರಿಸು" ಎಂದು ಕುರ್ಚಿಗೆ ತಳ್ಳಿದರು. ಕಣ್ಣಿನ ಡಾಕ್ಟರಿಗೆ ಮೊದಲೇ ಎಲ್ಲ ಹೇಳಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು.

ಬಣ್ಣದ ಬಿಲ್ಲೆಗಳನ್ನು ಕೊಟ್ಟು ಸಾಲಾಗಿ ಜೋಡಿಸಲು ಹೇಳಿದರು. ಜೋಡಿಸಿದೆ. ಡಾಕ್ಟರು ನೋಡಿ, "ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಅಮ್ಮಾ. ಹಳೇ ಪೇಪರ್ ಥರ ಹಳದಿ ಕಟ್ಟಿದೆ. ನೀಲಿ ಬಣ್ಣಾನ ಅದು ಒಳಗೆ ಬಿಡ್ತಾ ಇಲ್ಲ" ಎಂದರು.

ಸಿಟ್ಟು ಬಂತು. "ನಾನು ಇಪ್ಪತ್ತೆಂಟು ವರ್ಷ ಆಸ್ಪತ್ರೆಲಿ ಎಕ್ಸ್-ರೇ ತೊಳೆದವಳು. ದೊಡ್ಡ ಡಾಕ್ಟರೂ ನನ್ನ ಕೇಳ್ತಿದ್ರು, ಎಲ್ಲಿದೆ ಬಿರುಕು ಅಂತ. ನನ್ನ ಕಣ್ಣಿಗೇನಾಗಿದೆ?"

"ಎಕ್ಸ್-ರೇಲಿ ನೀಲಿ ಎಲ್ಲಿರುತ್ತಮ್ಮಾ?" ಎಂದು ನಕ್ಕರು. ಒಳ್ಳೆಯವರೇ. ಆದರೂ ನಗಬಾರದಿತ್ತು.

"ನಿಧಾನಕ್ಕೆ ಬರೋದ್ರಿಂದ ಗೊತ್ತೇ ಆಗಲ್ಲ. ಲೋಕಾನೇ ಮಾಸಿದೆ ಅನ್ಕೋತಾರೆ" ಎಂದೂ ಹೇಳಿದರು. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದೆ. ಅಂಗಿ, ದಾರ, ಸೋಪಿನ ಪುಡಿ, ಚೇಳು. ಹಾಗಾದರೆ ಆ ಚೀಲಗಳು

ಇವತ್ತಿಗೆ ಸಾಕು.

ಏಪ್ರಿಲ್ 9

ಡಾಕ್ಟರು ತಪ್ಪು ಹೇಳಿರಲೂಬಹುದು. ಇನ್ನೊಬ್ಬರಿಗೆ ತೋರಿಸಬೇಕು.

ಏಪ್ರಿಲ್ 11, ಶನಿವಾರ

ಇನ್ನೊಬ್ಬರೂ ಅದನ್ನೇ ಹೇಳಿದರು.

ಏಪ್ರಿಲ್ 15, ಬುಧವಾರ

ಮೇಡಂಗೆ ಬರಬೇಡಿ ಎಂದು ಹೇಳಲು ಫೋನ್ ಎತ್ತಿದೆ. ಇವರು ಅದನ್ನು ಕಿತ್ತುಕೊಂಡು, "ನಮ್ಮ ಮನೆಯವರಿಗೆ ಕಣ್ಣಿನ ಆಪರೇಷನ್ ಇದೆ, ಮುಂದಿನ ತಿಂಗಳ ಕೊನೇಲಿ ಬನ್ನಿ" ಎಂದರು. ಅವರು ಆಗಲಿ ಎಂದರಂತೆ.

ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಹೆದರಿಕೆ ಎಂದರೆ ಇಷ್ಟು ದಿನ ಪಟ್ಟದ್ದು ಏನೂ ಅಲ್ಲ. ಕತ್ತರಿ ಕಣ್ಣಿಗೇ ಬರುತ್ತದಲ್ಲ! ಅದು ಕೆಟ್ಟರೆ ಇರುವ ಮಂಕೂ ಹೋಗುತ್ತದೆ. ಆದರೆ ಮನಸ್ಸು ನಿಜವಾಗಿ ಹೊರಳಾಡುತ್ತಿರುವುದು ಅದಕ್ಕಲ್ಲ. ಆಪರೇಷನ್ ಆದ ಮೇಲೂ ನೀಲಿ ಕಾಣದಿದ್ದರೆ ಕಲ್ಲುಗಳು ನಿಜವಾಗಿ ಸತ್ತಿವೆ ಎಂದಾಗುತ್ತದೆ. ಕಂಡರೆ, ಆ ಹೆಣ್ಣುಮಗಳನ್ನು ನಾನು ಸುಮ್ಮಸುಮ್ಮನೆ ಮನೆಯಿಂದ ಹೊರಗೆ ಹಾಕಿದೆ ಎಂದಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೋ ನನಗೇ ಗೊತ್ತಿಲ್ಲ.

ಡಬ್ಬಿಯನ್ನು ಆಮೇಲೆ ತೆಗೆದಿಲ್ಲ. ಅದರ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತೇನೆ.

ಏಪ್ರಿಲ್ 22

ನಾದಿನಿ ಹೇಗಿದ್ದಾಳೆಂದು ಇವರನ್ನು ಕೇಳಿದೆ. "ಕೆಲ್ಸ ಜಾಸ್ತಿ ಇದೆಯಂತೆ" ಎಂದರು. ನನ್ನ ಬಗ್ಗೆ ಕೇಳಿದಳೇ ಎಂದು ಕೇಳುವ ಧೈರ್ಯವಾಗಲಿಲ್ಲ. ಇವರೇ ಹೇಳಿದರು: "ಆಪರೇಷನ್ ಯಾವತ್ತು ಅಂತ ಕೇಳಿದ್ಲು."

ಮೇ 7, ಗುರುವಾರ

ಬಲಗಣ್ಣಿನ ಪಟ್ಟಿ ಬಿಚ್ಚಿದರು. ಹೆಚ್ಚು ಬರೆಯಬಾರದು ಎಂದಿದ್ದಾರೆ, ಆದರೆ ಬರೆಯದೆ ಇದ್ದರೆ ತಲೆ ಸಿಡಿಯುತ್ತದೆ.

ಡಾಕ್ಟರ ಕೋಟು ಎಷ್ಟು ಬಿಳಿ! ಗೋಡೆ ಬಿಳಿ. ನನ್ನ ಕೈಯ ನರಗಳು ನೀಲಿ. ಮನೆಗೆ ಬಂದು ನೋಡಿದರೆ ಹಾಸಿಗೆಯ ಬಟ್ಟೆ ಹಾಲಿನಂತಿದೆ. ಸೋಪಿನ ಕಂಪನಿಯವರಿಗೆ ಹಾಕಿದ ಶಾಪವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರೆ ಅದೇ ಬಟ್ಟೆ ಚಹಾ ಚೆಲ್ಲಿದಂತಿದೆ. ಮುಚ್ಚಿ, ತೆರೆದು, ಮುಚ್ಚಿ, ತೆರೆದು ಮಾಡುತ್ತಿದ್ದೆ. "ಯಾರಿಗೆ ಕಣ್ಣು ಹೊಡೀತಿದ್ದೀಯೇ?" ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ.

ಡಬ್ಬಿಯನ್ನು ತರಲು ಹೇಳಿದೆ. ಮೇಜಿನ ಮೇಲೆ ಸುರಿದರು.

ನೀಲಿ. ಎಲ್ಲವೂ ನೀಲಿ. ಒಂದು ಚೀಲ ಬೆಳಗಿನ ಆಕಾಶದ್ದು, ಒಂದು ಶಾಯಿಯದ್ದು, ಒಂದಕ್ಕೆ ಅಂಚಿನಲ್ಲಿ ಸ್ವಲ್ಪ ನೇರಳೆ, ಒಂದರಲ್ಲಿ ಹಾಲು ಬೆರೆಸಿದ ತಿಳಿನೀಲಿ. ಎರಡು ಚೀಲ ಒಂದೇ ಬಣ್ಣದವಿರಲಿಲ್ಲ. ಕೆಂಪಿಗೆಲ್ಲ ಒಂದೇ ಥಾನಿನ ಕೆಂಪು, ಹಸಿರಿಗೆಲ್ಲ ಒಂದೇ ಹಸಿರು ಹಾಕಿದವಳು ನೀಲಿಗೆ ಮಾತ್ರ ಒಂದೊಂದು ಕಲ್ಲಿಗೂ ಬೇರೆ ಬೇರೆ ಬಟ್ಟೆ ಹುಡುಕಿದ್ದಾಳೆ. ಡಬ್ಬಿಯ ತಳದಲ್ಲಿ ನಾನು ಬೆಟ್ಟದಲ್ಲಿ ಎಸೆದ ಖಾಲಿ ಕಲ್ಲುಗಳೂ ಇದ್ದವು, ಅವಕ್ಕೂ ಚೀಲ.

ಇವರಿಂದ ದೀಪ ಹಿಡಿಸಿದೆ. ಒಂದು ಕ್ಷಣ ನೋಡಿ ಆರಿಸಿಬಿಡಬೇಕೆಂದು ಡಾಕ್ಟರ ಅಪ್ಪಣೆ. ಒಂದು ಕ್ಷಣ ಸಾಕಾಗಿತ್ತು. ಒಂದು ಕಲ್ಲೂ ಸತ್ತಿರಲಿಲ್ಲ. ಪ್ರತಿ ಕಲ್ಲೂ ಅವಳು ಹೊಲಿದ ಬಣ್ಣವನ್ನೇ ಬಿಟ್ಟಿತು.

ಕೊನೆಗೆ ಮೊದಲನೆಯದರ ಚೀಲ ಎತ್ತಿಕೊಂಡೆ, ಆ ಮಾಸಲು ಚಿಂದಿ. ರೇಷ್ಮೆ. ಅಂಚಿನಲ್ಲಿ ಸಣ್ಣ ಬಿಳಿ ನೂಲಿನ ಗೆರೆ. ಅತ್ತೆಯ ಶಾಲು ಅದು. ಒಂದಿಷ್ಟೂ ಬಣ್ಣ ಕಳೆದುಕೊಂಡಿಲ್ಲ.

"ಎಲ್ಲಾ ಅಂಗಡಿ ಅಲೆದ್ಲಂತೆ. ಆ ನೀಲಿ ಎಲ್ಲೂ ಸಿಗ್ಲಿಲ್ವಂತೆ" ಎಂದರು ಇವರು. "ಅಮ್ಮನ ಶಾಲು ಅಂತ ನಂಗೆ ನೋಡಿದ ತಕ್ಷಣ ಗೊತ್ತಾಯ್ತು. ನೀನು ಬೂದಿ ಅಂದಾಗಲೇ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು ಅನ್ಕೊಂಡೆ."

ಅಳಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮೇ 8, ಶುಕ್ರವಾರ

ಬೆಳಿಗ್ಗೆ ಬಡಗಿ ಬಂದು ಕಿಟಕಿಯ ಹಲಗೆ ಕಿತ್ತ. "ಯಾಕಮ್ಮಾ, ಬಿಸಿಲು ಬೇಡ ಅಂದಿದ್ರಿ?" ಎಂದು ಕೇಳಿದ. ನಿನ್ನ ಕೆಲಸ ನೋಡು ಎಂದೆ.

ಬಟ್ಟೆ ಅಂಗಡಿಯ ಹಿಂದಿನ ಕೋಣೆಗೆ ಇವರ ಜೊತೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವಳು ಬಲ್ಬಿನ ಕೆಳಗೆ ಬಗ್ಗಿ ಹೊಲಿಯುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ನನ್ನನ್ನು ನೋಡಿ ಎದ್ದು ನಿಂತಳು. ಅವಳ ಕುತ್ತಿಗೆಯಲ್ಲಿ ಉಳಿದ ಶಾಲು, ಹೊದೆಯಲು ಸಾಲದೆ ಗಂಟು ಹಾಕಿಕೊಂಡಿದ್ದಳು. ಬಲಗಣ್ಣಿಗೆ ಆ ನೀಲಿ ನೇರವಾಗಿ ಬಂದು ಬಡಿಯಿತು.

"ಹೇಗಿದೆ ಅತ್ತಿಗೆ ಕಣ್ಣು?" ಎಂದಳು.

ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು, "ಹೊರಡು. ಮೆಷಿನ್ ಕಟ್ಟು. ಕಿಟಕಿ ಹತ್ರಾನೇ ಹಾಕ್ಕೋ" ಎಂದೆ.

ಅವಳು ಕದಲಲಿಲ್ಲ. "ಬೇಡ ಅತ್ತಿಗೆ. ಅಲ್ಲಿ ಬಿಸಿಲು ಬರುತ್ತೆ. ಕಲ್ಲಿಗೆ ಏನಾದ್ರೂ ಆದ್ರೆ?"

"ಕಲ್ಲಿಗೇನೂ ಆಗಿರಲಿಲ್ಲ ಕಣೇ" ಎಂದೆ. "ಆಗಿದ್ದು ನಂಗೆ."